ಅಪ್ಪನ ಕ್ರೆಡಿಟ್ ಕಾರ್ಡ್: ಅನುಭವ ಇದ್ದವರು ಹೇಳಿ

ಹಾಸನದ ಮಗಳು: ಅಪ್ಪನಿಗೆ 71. ನನ್ನ ಕಾರ್ಡಿನ ಮೇಲೆ ಅವರಿಗೊಂದು ಆಡ್-ಆನ್ ಕಾರ್ಡ್ ಮಾಡಿಸಿದ್ದೇನೆ. ಮಾತ್ರೆ, ಪುಸ್ತಕ ಆನ್‌ಲೈನ್‌ನಲ್ಲಿ ತರಿಸುತ್ತಾರೆ. ಕೆಲವು ಅಂಗಡಿಗೆ ಫೋನ್ ಮಾಡಿ ಕಾರ್ಡ್ ನಂಬರ್ ಓದಿ ಹೇಳುತ್ತಾರೆ! ಏನು ಮಾಡಲಿ?

ತಿಪಟೂರು ತೆಂಗು: 71 ಯಾಕಮ್ಮಾ, ನನಗೆ 38, ನಾನೇ ಬಿದ್ದೆ. ಮಧ್ಯಾಹ್ನ ಊಟದ ಹೊತ್ತು, ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಸಾರನ್ನ. 'ನಿಮ್ಮ 6,840 ರಿವಾರ್ಡ್ ಪಾಯಿಂಟ್ ಇವತ್ತು ರಾತ್ರಿ ಎಕ್ಸ್‌ಪೈರ್ ಆಗುತ್ತೆ ಸರ್.' ಹೆಸರು, ಹುಟ್ಟಿದ ದಿನ, ಕಾರ್ಡಿನ ಮೊದಲ ಆರು ನಂಬರ್ ಎಲ್ಲ ಅವನೇ ಹೇಳಿದ. ಉಳಿದದ್ದು ನಾನು ಹೇಳಿದೆ, ಒಟಿಪಿನೂ ಸೇರಿ. 24,999 ಯಾವುದೋ ವ್ಯಾಲೆಟ್‌ಗೆ ಹೋಯಿತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅಂತ ಗೊತ್ತಾಗುವ ಹೊತ್ತಿಗೆ ಸಂಜೆ. ನಾನು ಮಾಡದ ಖರ್ಚು ಕಟ್ಟಲ್ಲ ಅಂತ ಹಟ ಹಿಡಿದೆ. ತಿಂಗಳಿಗೆ 3.5% ಬಡ್ಡಿ, ಅದರ ಮೇಲೆ 18% ಜಿಎಸ್‌ಟಿ, ಲೇಟ್ ಫೀ ಬೇರೆ. ನಾಲ್ಕು ತಿಂಗಳಿಗೆ 33 ಸಾವಿರ ಚಿಲ್ಲರೆ ಆಯಿತು. ಸಿಬಿಲ್ ಸ್ಕೋರ್, ಅಂದರೆ ಸಾಲ ಕೊಡುವವರು ನೋಡುವ ಅಂಕ, ಬಿದ್ದು ಬೈಕ್ ಲೋನೂ ಸಿಗಲಿಲ್ಲ.

ಲೆಕ್ಕದ ರಾಯ: ಒಟಿಪಿ ನೀವೇ ಕೊಟ್ಟಿದ್ದಲ್ವಾ? ಹಾಗಾದರೆ ತಿಳಿಸುವವರೆಗಿನ ನಷ್ಟ ನಿಮ್ಮದೇ, 2017ರ ಆರ್‌ಬಿಐ ಸುತ್ತೋಲೆಯಲ್ಲೇ ಇದೆ. ನನ್ನದು ಬೇರೆ ಕಥೆ. ಒಟಿಪಿ ಬರಲೇ ಇಲ್ಲ, ಹೊರದೇಶದ ಸೈಟ್‌ಗಳು ಕೇಳಲೇಬೇಕು ಅಂತೇನಿಲ್ಲ. 2023ರ ಆಗಸ್ಟ್ 10, ಗುರುವಾರ. ಮೊದಲು ಒಂದು ಡಾಲರ್ ಎಳೆದು ನೋಡಿದ್ದಾರೆ, ಆಮೇಲೆ 12,390 ರೂಪಾಯಿ ಮೂರು ಸಲ. ನಾನು ಮೆಸೇಜ್ ನೋಡಿದ್ದು 16ಕ್ಕೆ. ಬ್ಯಾಂಕಿನವರು 'ಆರು ದಿನ ಆಯ್ತು, 10 ಸಾವಿರ ನಿಮ್ಮ ತಲೆಗೆ' ಅಂದರು. ಗೋಡೆಯ ಕ್ಯಾಲೆಂಡರ್ ಕಿತ್ತು ಬ್ರಾಂಚಿಗೆ ತೆಗೆದುಕೊಂಡು ಹೋದೆ. ಮೆಸೇಜ್ ಬಂದ ದಿನ ಲೆಕ್ಕಕ್ಕಿಲ್ಲ. 11 ಒಂದು. 12 ಎರಡನೇ ಶನಿವಾರ, 13 ಭಾನುವಾರ. 14 ಎರಡು. 15 ಸ್ವಾತಂತ್ರ್ಯ ದಿನ. 16 ಮೂರು! ನಮ್ಮ ತಪ್ಪಿಲ್ಲದಿದ್ದಾಗ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಮ್ಮ ಹೊಣೆ ಸೊನ್ನೆ. ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿದರು, ಮಾತಾಡಲಿಲ್ಲ. 37,170 ವಾಪಸ್ ಬಂತು. ಆದರೆ ಫಾರೆಕ್ಸ್ ಮಾರ್ಕಪ್ಪು (ಹೊರದೇಶದ ಖರ್ಚಿಗೆ ಬ್ಯಾಂಕ್ ಹಾಕುವ ಶುಲ್ಕ), ಅದರ ಜಿಎಸ್‌ಟಿ ಸೇರಿ 1,535 ರೂಪಾಯಿ 12 ಪೈಸೆ ಇವತ್ತಿಗೂ ಬಂದಿಲ್ಲ.

ತಿಪಟೂರು ತೆಂಗು: ಆರು ದಿನ ಮೆಸೇಜ್ ನೋಡದೆ ಇದ್ದವರು ನನಗೆ ಬುದ್ಧಿ ಹೇಳುತ್ತಿದ್ದೀರಾ?

ಲೆಕ್ಕದ ರಾಯ: ಮಾವನ ತಿಥಿಗೆ ಊರಿಗೆ ಹೋಗಿದ್ದೆ ಸ್ವಾಮಿ. ಅಲ್ಲಿ ನೆಟ್‌ವರ್ಕ್ ಬೇಕಂದರೆ ಗುಡ್ಡ ಹತ್ತಬೇಕು.

ಶಿರಸಿ ಸುಬ್ಬಿ: ನಾನು ಒಂದು ರೂಪಾಯೀನೂ ಕಳೆದುಕೊಂಡಿಲ್ಲ. ಆನ್‌ಲೈನಿಗೆ ಬೇರೆ ಕಾರ್ಡ್, ಲಿಮಿಟ್ 10 ಸಾವಿರ. ಇಂಟರ್‌ನ್ಯಾಷನಲ್ ಆಫ್. ಆಪ್‌ನಲ್ಲೇ ಆಫ್ ಮಾಡಬಹುದು, 2020ರಿಂದ ಎಲ್ಲ ಬ್ಯಾಂಕಿನಲ್ಲೂ ಇದೆ, ಯಾರೂ ಮುಟ್ಟುವುದಿಲ್ಲ ಅಷ್ಟೇ. ಕಾರ್ಡಿನ ಹಿಂದಿರುವ ಮೂರಂಕಿಯ ಗುಟ್ಟಿನ ನಂಬರ್ ಸಿವಿವಿಯನ್ನು ಬ್ಲೇಡ್‌ನಲ್ಲಿ ಕೆರೆದು ಹಾಕಿದ್ದೇನೆ. ಯಾವ ಸೈಟಿನಲ್ಲೂ ಕಾರ್ಡ್ ಸೇವ್ ಮಾಡಲ್ಲ.

ಕೋಡ್ ಕುಮಾರ: ಸೇವ್ ಮಾಡದೆ ಇರುವುದರಿಂದ ಏನು ಪ್ರಯೋಜನ? 2022ರ ಅಕ್ಟೋಬರ್ 1ರಿಂದ ಅಂಗಡಿಯವರು ಕಾರ್ಡ್ ನಂಬರ್ ಇಟ್ಟುಕೊಳ್ಳುವ ಹಾಗೇ ಇಲ್ಲ, ಬರೀ ಟೋಕನ್, ಅಂದರೆ ಕಾರ್ಡ್ ನಂಬರಿನ ಬದಲಿಗೆ ಆ ಅಂಗಡಿಗಷ್ಟೇ ನಡೆಯುವ ಬೇರೆ ನಂಬರ್. ಪ್ರತಿ ಸಲ ಹದಿನಾರು ನಂಬರ್ ಟೈಪ್ ಮಾಡಿದರೆ ಯಾವತ್ತೋ ಒಂದು ದಿನ ಕಳ್ಳ ಪೇಜಿನಲ್ಲಿ ಟೈಪ್ ಮಾಡುತ್ತೀರಿ. ನಮ್ಮ ಅತ್ತಿಗೆ ಮಾಡಿದ್ದು ಅದನ್ನೇ. ಸೀರೆ ಸೈಟು, ಸ್ಪೆಲ್ಲಿಂಗಿನಲ್ಲಿ ಒಂದಕ್ಷರ ಜಾಸ್ತಿ, 4,200 ಹೋಯಿತು. ಸೀರೆನೂ ಇಲ್ಲ.

ಶಿರಸಿ ಸುಬ್ಬಿ: ನಿಮ್ಮ ಅತ್ತಿಗೆ ಸ್ಪೆಲ್ಲಿಂಗ್ ನೋಡದಿದ್ದರೆ ಅದಕ್ಕೆ ನನ್ನ ಬ್ಲೇಡ್ ಏನು ಮಾಡುತ್ತೆ?

ಹುಬ್ಬಳ್ಳಿ ಕಾಕಾ: ಕಾರ್ಡ್ ಯಾಕ್ ಬೇಕ್ರಿ? ರೊಕ್ಕಾ ಕೊಟ್ಟು ತಗೋರಿ.

ಕೋಡ್ ಕುಮಾರ: ಕಾಕಾ, ಪ್ರತಿ ಸಲ ಇದೇ ಹೇಳುತ್ತೀರಿ. ಸುಬ್ಬಿಯವರೇ, ಕೆರೆದ ಮೇಲೆ ಸಿವಿವಿ ನೆನಪಿದೆಯಾ?

ಶಿರಸಿ ಸುಬ್ಬಿ: ಕೊನೆಯ ಅಂಕಿ 3ನೋ 8ನೋ ಅಂತ ಒಂದು ಸಲ ಅನುಮಾನ ಬಂತು. ತಪ್ಪು ಹೊಡೆದು ಹೊಡೆದು ಕಾರ್ಡ್ ಬ್ಲಾಕ್ ಆಯಿತು, ಹೊಸದಕ್ಕೆ 118 ರೂಪಾಯಿ. ಅದು ಕಳೆದುಕೊಂಡ ಲೆಕ್ಕಕ್ಕೆ ಬರಲ್ಲ.

ಲೆಕ್ಕದ ರಾಯ: ಬರುತ್ತೆ.

ಹಾಸನದ ಮಗಳು: ಎಲ್ಲರಿಗೂ ಥ್ಯಾಂಕ್ಸ್. ಇಂಟರ್‌ನ್ಯಾಷನಲ್ ಈಗಲೇ ಆಫ್ ಮಾಡಿದೆ, ಲಿಮಿಟ್ 5 ಸಾವಿರಕ್ಕೆ ಇಳಿಸಿದೆ. ಫೋನಿನಲ್ಲಿ ನಂಬರ್ ಓದುವುದಕ್ಕೆ ಏನು ಮಾಡಲಿ ಅಂತ ಯಾರೂ ಹೇಳಲಿಲ್ಲ.

ಶಿರಸಿ ಸುಬ್ಬಿ: ಅಂಗಡಿಯವರಿಗೆ ಪೇಮೆಂಟ್ ಲಿಂಕ್ ಕಳಿಸಿ ಅನ್ನಿ, ಅದು ನಿಮ್ಮ ಫೋನಿಗೆ ಬರಲಿ. ರಾಯರೇ, 118 ಅಂದರೆ ಕಾರ್ಡಿನ ಫೀಸು, ನಷ್ಟ ಅಲ್ಲ.

ಲೆಕ್ಕದ ರಾಯ: ಹಾಗಾದರೆ ನನ್ನ 1,535 ಏನು?

ತಿಪಟೂರು ತೆಂಗು: ಗುಡ್ಡ ಹತ್ತದೆ ಇದ್ದದ್ದಕ್ಕೆ ದಂಡ.