ನೇಪಲ್ಸ್‌ನಲ್ಲಿ ಮೂರೂವರೆ ದಿನ, ಜೊತೆಗೆ ಅಪ್ಪ ಅಮ್ಮ: ಏನು ನೋಡುವುದು, ಏನು ಬಿಡುವುದು?

ಪ್ರಶ್ನೆ: ಮೇ ತಿಂಗಳಲ್ಲಿ ರೋಮ್‌ನಿಂದ ನೇಪಲ್ಸ್‌ಗೆ ಹೋಗುತ್ತಿದ್ದೇವೆ. ಸೋಮವಾರ ಮಧ್ಯಾಹ್ನ ತಲುಪಿ ಶುಕ್ರವಾರ ಬೆಳಿಗ್ಗೆ ಹೊರಡುವುದು. ಅಪ್ಪ ಅಮ್ಮನಿಗೆ 65 ದಾಟಿದೆ, ಅಮ್ಮನಿಗೆ ಮೊಣಕಾಲು ನೋವು. ಎಲ್ಲರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಹೂತುಹೋಗಿದ್ದ ರೋಮನ್ ನಗರ ಪೊಂಪೆಯಿ, ವೆಸೂವಿಯಸ್ ಜ್ವಾಲಾಮುಖಿ, ಕಾಪ್ರಿ ದ್ವೀಪ ಮೂರೂ ಆಗುತ್ತದೆಯೇ? ಗೊತ್ತಿರುವವರು ದಯವಿಟ್ಟು ತಿಳಿಸಿ.

ಉತ್ತರ: ಮೂರೂ ಬೇಡ. ಮೊದಲು ಮಂಗಳವಾರಕ್ಕೆ ದಾರಿ ಮಾಡಿಕೊಳ್ಳಿ. ಪುರಾತತ್ವ ಮ್ಯೂಸಿಯಂ, ಸಾನ್ಸೆವೆರೊ ಚಾಪೆಲ್, ಕಸೆರ್ತಾ ಅರಮನೆ ಮೂರಕ್ಕೂ ಅಂದೇ ವಾರದ ರಜೆ. ಹಾಗಾಗಿ ಮಂಗಳವಾರ ಪೊಂಪೆಯಿ, ಬುಧವಾರ ಮ್ಯೂಸಿಯಂ. ಈ ಕ್ರಮಕ್ಕೆ ಇನ್ನೊಂದು ಕಾರಣವೂ ಇದೆ: ಪೊಂಪೆಯಿಯ ಒಳ್ಳೆಯ ಭಿತ್ತಿಚಿತ್ರ, ಮೊಸಾಯಿಕ್‌ಗಳಲ್ಲಿ ಬಹುಪಾಲು ಈ ಮ್ಯೂಸಿಯಂನಲ್ಲಿವೆ. ಖಾಲಿ ಗೋಡೆ ನೋಡಿ ಬಂದಮೇಲೆ ಅಲ್ಲಿ ಏನಿತ್ತೆಂದು ತಿಳಿಯುತ್ತದೆ. ಸಾನ್ಸೆವೆರೊದಲ್ಲಿ 1753ರ 'ಮುಸುಕಿನ ಕ್ರಿಸ್ತ' ಅಮೃತಶಿಲೆಯ ಶಿಲ್ಪವಿದೆ. ಟಿಕೆಟ್ ದಿನಗಳ ಮೊದಲೇ ಮುಗಿಯುವುದರಿಂದ ಈಗಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಒಳಗೆ ಫೋಟೊ ತೆಗೆಯುವಂತಿಲ್ಲ.

ಉತ್ತರ: ಪೊಂಪೆಯಿಗೆ ಹೋಗುವವರು ಎಡವುವುದು ರೈಲಿನಲ್ಲಿ. ಬೇಕಾದದ್ದು ಚಿರ್ಕುಮ್‌ವೆಸುವಿಯಾನಾ ಲೋಕಲ್ ರೈಲು. ಇದರ ಗಾರಿಬಾಲ್ಡಿ ನಿಲ್ದಾಣ ನೇಪಲ್ಸ್‌ನ ಮುಖ್ಯ ರೈಲು ನಿಲ್ದಾಣವಾದ ನಾಪೊಲಿ ಚೆಂತ್ರಾಲೆಯ ಕೆಳ ಅಂತಸ್ತಿನಲ್ಲಿದೆ. ಬೋರ್ಡಿನಲ್ಲಿ 'ಪೊಂಪೆಯಿ' ಹುಡುಕಬೇಡಿ, ರೈಲಿನ ಕೊನೆಯ ನಿಲ್ದಾಣ 'ಸೊರ್ರೆಂತೊ' ನೋಡಿ. ಇಳಿಯಬೇಕಾದದ್ದು 'ಪೊಂಪೆಯಿ ಸ್ಕಾವಿ – ವಿಲ್ಲಾ ದೇಯಿ ಮಿಸ್ತೆರಿ'ಯಲ್ಲಿ, ಸುಮಾರು 40 ನಿಮಿಷ. ಪೊಜ್ಜೊಮರೀನೊ ಮಾರ್ಗದಲ್ಲೂ ಪೊಂಪೆಯಿ ಎಂಬ ನಿಲ್ದಾಣವಿದೆ. ತಪ್ಪಿ ಅಲ್ಲಿ ಇಳಿದರೆ ಗಾಬರಿ ಬೇಡ, ಆಂಫಿಥಿಯೇಟರ್ ಕಡೆಯ ಗೇಟಿಗೆ ನಡೆದು ಹೋಗಬಹುದು. ಕುಳಿತು ಹೋಗಬೇಕೆಂದರೆ ಗಾರಿಬಾಲ್ಡಿಗಿಂತ ಒಂದು ನಿಲ್ದಾಣ ಹಿಂದಿನ ಪೋರ್ತಾ ನೊಲಾನಾದಲ್ಲಿ ಹತ್ತಿ. ರೈಲು ಹೊರಡುವುದೇ ಅಲ್ಲಿಂದ. ಜೇಬುಗಳ್ಳರಿದ್ದಾರೆ, ಬ್ಯಾಗ್ ಎದೆಯ ಮುಂದಿರಲಿ.

ಪೊಂಪೆಯಿಗೆ ದಿನಕ್ಕೆ 20,000 ಜನರಿಗಷ್ಟೇ ಪ್ರವೇಶ. ಟಿಕೆಟ್‌ನಲ್ಲಿ ಹೆಸರಿರುತ್ತದೆ, ಪಾಸ್‌ಪೋರ್ಟ್ ಇಟ್ಟುಕೊಳ್ಳಿ. 30×30×15 ಸೆಂ.ಮೀ.ಗಿಂತ ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ.

ಉತ್ತರ: ಅಮ್ಮನ ಮೊಣಕಾಲಿನ ವಿಷಯ ಯಾರೂ ಎತ್ತಲಿಲ್ಲ. ಪೊಂಪೆಯಿಯ ಬೀದಿಗಳಿಗೆ ಹಾಸಿರುವುದು ದೊಡ್ಡ ಲಾವಾ ಕಲ್ಲು, ಮಧ್ಯೆ ಬಂಡಿಚಕ್ರದ ಆಳವಾದ ಜಾಡು. ನೆರಳು ಕಡಿಮೆ. ಪೊಂಪೆಯಿ ಬಿಟ್ಟು, ಅದರಂತೆಯೇ ಹೂತುಹೋಗಿದ್ದ ಇನ್ನೊಂದು ರೋಮನ್ ಊರು ಎರ್ಕೊಲಾನೊಗೆ (ಹರ್ಕ್ಯುಲೇನಿಯಂ) ಹೋಗಿ ಎಂಬುದು ನನ್ನ ಸಲಹೆ. ಅದೇ ಸೊರ್ರೆಂತೊ ರೈಲು, 20 ನಿಮಿಷಕ್ಕೆ 'ಎರ್ಕೊಲಾನೊ ಸ್ಕಾವಿ', ಅಲ್ಲಿಂದ ಸಮುದ್ರದ ಕಡೆಗೆ ನೇರ ಇಳಿಜಾರು, ಹತ್ತು ನಿಮಿಷ. ಎರಡು ಮೂರು ಗಂಟೆಯಲ್ಲಿ ನೋಡಿ ಮುಗಿಯುತ್ತದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದಾಗ ಪೊಂಪೆಯಿಯ ಮೇಲೆ ಮೊದಲು ಹಗುರ ಕಲ್ಲು, ಬೂದಿ ಸುರಿದು ಚಾವಣಿಗಳು ಕುಸಿದವು. ಎರ್ಕೊಲಾನೊದ ಮೇಲೆ ನುಗ್ಗಿದ್ದು ಸುಡುವ ಅನಿಲ, ಬೂದಿಯ ಪ್ರವಾಹ. ಅದರಲ್ಲಿ ಮರವೆಲ್ಲ ಇದ್ದಿಲಾಗಿ ಉಳಿಯಿತು. ಅದಕ್ಕೇ ಅಲ್ಲಿ ಮಹಡಿಮನೆ, ತೊಲೆ, ಬಾಗಿಲು ಈಗಲೂ ಕಾಣಸಿಗುತ್ತವೆ. ನಿಲ್ದಾಣಕ್ಕೆ ವಾಪಸ್ ಬರುವಾಗ ಮಾತ್ರ ಏರು, ಟ್ಯಾಕ್ಸಿ ಹಿಡಿಯಿರಿ.

ಉತ್ತರ: ಅಷ್ಟು ದೂರ ಬಂದು ಪೊಂಪೆಯಿ ಬಿಡುವುದನ್ನು ಒಪ್ಪಲಾರೆ. ಪಿಯಾತ್ಸಾ ಆಂಫಿತೆಯಾತ್ರೊ ಗೇಟಿನಿಂದ ಗಾಲಿಕುರ್ಚಿಯೂ ಹೋಗುವಂಥ ಸಮತಟ್ಟಾದ ದಾರಿ ಮಾಡಿದ್ದಾರೆ. ಬೆಳಿಗ್ಗೆ ತೆರೆಯುತ್ತಲೇ ಒಳಹೊಕ್ಕು ಮಧ್ಯಾಹ್ನದೊಳಗೆ ಹೊರಬನ್ನಿ. ಗುರುವಾರ ಎರ್ಕೊಲಾನೊ. ವೆಸೂವಿಯಸ್ ಬಿಡಿ: ಗೇಟಿನಿಂದ ಜ್ವಾಲಾಮುಖಿಯ ಬಾಯಿಯವರೆಗೆ ಅರ್ಧ ಗಂಟೆ ಏರಬೇಕು, ಕಾಲಡಿ ಜಾರುವ ಜಲ್ಲಿ. ಮೊಣಕಾಲಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ನೀವೊಬ್ಬರೇ ಹೋಗುವುದಾದರೂ ಸಮಯ ಗೊತ್ತುಮಾಡಿ ಆನ್‌ಲೈನ್ ಟಿಕೆಟ್ ಮೊದಲೇ ತೆಗೆದಿರಬೇಕು. ಬೆಟ್ಟ, ಕೊಲ್ಲಿ, ಊರು ಒಟ್ಟಿಗೆ ಕಾಣಬೇಕೆಂದರೆ ಸೋಮವಾರ ಸಂಜೆ ಮೊಂತೆಸಾಂತೊದಿಂದ ಫ್ಯುನಿಕ್ಯುಲರ್ (ಗುಡ್ಡ ಏರುವ ಹಗ್ಗದ ರೈಲು) ಹತ್ತಿ, ಮೊರ್ಗೆನ್‌ನಲ್ಲಿ ಇಳಿದು, ಸಾಂತ್ ಎಲ್ಮೊ ಕೋಟೆಗೆ ಹೋಗಿ.

ಉತ್ತರ: ಊಟದ ಬಗ್ಗೆ. ಮಾಂಸ ಕಾಣದಿದ್ದರೂ ಹಂದಿ ಕೊಬ್ಬು ಇರಬಹುದು. ಮೆಣಸು ಹಾಕಿದ ಉಂಗುರದಂಥ ತರಾಲ್ಲಿ ಇಲ್ಲಿ ಅದರಲ್ಲೇ ಮಾಡುವುದು; ಪದರಪದರದ ಸ್ಫೊಲ್ಯಾತೆಲ್ಲಾಗೂ ಸಂಪ್ರದಾಯದಂತೆ ಅದೇ. ಪೊಟ್ಟಣದ ಮೇಲೆ 'ಸ್ತ್ರುತ್ತೊ' ಅಥವಾ 'ಸುನ್ಯಾ' ಎಂದಿದ್ದರೆ ಬಿಡಿ. ಆಲೂಗಡ್ಡೆ ಪಾಸ್ತಾಕ್ಕೂ ಸಾಮಾನ್ಯವಾಗಿ ಹಂದಿ ಚೂರು ಬೀಳುತ್ತದೆ. ನಿಶ್ಚಿಂತೆಯಿಂದ ತಿನ್ನಬಹುದಾದದ್ದು ಪಿಜ್ಜಾ ಮರಿನಾರಾ: ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ, ಅಷ್ಟೇ. ಹಿಟ್ಟಿಗೂ ನೀರು, ಉಪ್ಪು, ಯೀಸ್ಟ್ ಮಾತ್ರ. ಮಾರ್ಗೆರಿಟಾದಲ್ಲಿ ಮಾಂಸವಿಲ್ಲ, ಆದರೆ ಇಟಲಿಯ ಹಲವು ಚೀಸ್‌ಗಳಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ, ಪಾರ್ಮಿಜಾನೊಗೆ ಖಂಡಿತ. ಪಾಸ್ತಾ ಬೇಕಾದರೆ ಪಕ್ಕದ ಗ್ರಾನ್ಯಾನೊ ಊರಿನ ಒಣ ಪಾಸ್ತಾ ಕೇಳಿ, ಅದು ಬರೀ ಗೋಧಿ ರವೆ ಮತ್ತು ನೀರು. 'ಫ್ರೆಸ್ಕಾ' ಎಂದರೆ ಮೊಟ್ಟೆ ಇದ್ದೀತು. ಪಿಜ್ಜಾ ನಡುವೆ ಹಸಿಹಸಿಯಾಗಿ ಕಂಡರೆ ಬೆಂದಿಲ್ಲವೆಂದಲ್ಲ: 450 ಡಿಗ್ರಿಗೂ ಮೇಲಿನ ಬಿಸಿಯಲ್ಲಿ ಒಂದು, ಒಂದೂವರೆ ನಿಮಿಷವಷ್ಟೇ ಇಡುತ್ತಾರೆ.

ಉತ್ತರ: ದ್ವೀಪ ಬೇಕೇ ಬೇಕೆಂದರೆ ಕಾಪ್ರಿಗಿಂತ ಪ್ರೊಚಿದಾ ಹತ್ತಿರ, ಗದ್ದಲವೂ ಕಡಿಮೆ. ವೇಗದ ದೋಣಿ ಮೊಲೊ ಬೆವೆರೆಲ್ಲೊದಿಂದ, ಕಾರು ಸಾಗಿಸುವ ದೊಡ್ಡ ದೋಣಿ ಕಲಾತಾ ಪೋರ್ತಾ ದಿ ಮಾಸ್ಸಾದಿಂದ. ಎರಡು ಬೇರೆ ಧಕ್ಕೆಗಳು, ಟಿಕೆಟ್ ಓದಿಕೊಂಡು ಹೋಗಿ. ಸಮುದ್ರ ಕೆರಳಿದರೆ ಮೊದಲು ರದ್ದಾಗುವುದು ವೇಗದವು. ಹಿಂದಿನ ದಿನ 'ಶೊಪೆರೊ', ಅಂದರೆ ಮುಷ್ಕರ, ಇದೆಯೇ ಎಂದು ಹೋಟೆಲಿನವರನ್ನು ಕೇಳಿಬಿಡಿ. ಅಂದು ಲೋಕಲ್ ರೈಲು ಕೆಲವೇ ಗಂಟೆ ಓಡುತ್ತದೆ.