ರೋಟರಿ ವಿಮಾನ ಎಂಜಿನ್: ಇಂಜೆಕ್ಟರ್ ಎಲ್ಲಿ ಕೂರಿಸಿದ್ದೀರಿ?

ಕೇಳಿದವರು: ನಾನೇ ಕಟ್ಟುತ್ತಿರುವ ಎರಡು ಸೀಟಿನ ವಿಮಾನಕ್ಕೆ ಮಾಜ್ದಾ 13ಬಿ ಎಂಜಿನ್ (ಪಿಸ್ಟನ್ ಬದಲು ಎರಡು ರೋಟರ್ ತಿರುಗುವ ಕಾರಿನ ಎಂಜಿನ್) ಹಾಕುತ್ತಿದ್ದೇನೆ. ಗುರಿ 180 ಹಾರ್ಸ್‌ಪವರ್. ಇನ್‌ಟೇಕ್, ಅಂದರೆ ಎಂಜಿನ್‌ಗೆ ಗಾಳಿ ಹೋಗುವ ದಾರಿ, ಹೊಸದಾಗಿ ಮಾಡಬೇಕು. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನು ಪೋರ್ಟ್ (ಗಾಳಿ ಎಂಜಿನ್ ಒಳಗೆ ಹೋಗುವ ಬಾಯಿ) ಹತ್ತಿರ ಇಡಲೋ, ಮೇಲೆ ಥ್ರಾಟಲ್ (ಗಾಳಿ ಹೆಚ್ಚು ಕಡಿಮೆ ಮಾಡುವ ಕವಾಟ) ಕಡೆಗೆ ಇಡಲೋ? ಮಾಡಿ ನೋಡಿದವರು ಹೇಳಿ.

ಒಬ್ಬರು: ಎರಡೂ ಕಡೆ ಇಡಿ. ಆರ್‌ಎಕ್ಸ್-7 ಕಾರಿನಲ್ಲೂ ಹಾಗೇ ಇದೆ. ಪ್ರೈಮರಿ, ಅಂದರೆ ಯಾವಾಗಲೂ ಕೆಲಸ ಮಾಡುವ ಜೋಡಿ, ಎಂಜಿನ್‌ನ ನಡುವಿನ ಹೌಸಿಂಗ್‌ನಲ್ಲಿ (ಕವಚದಲ್ಲಿ); ಸೆಕೆಂಡರಿ, ಅಂದರೆ ಹೆಚ್ಚು ಪವರ್ ಬೇಕಾದಾಗ ತೆರೆಯುವ ಜೋಡಿ, ಮೇಲೆ ಮ್ಯಾನಿಫೋಲ್ಡ್‌ನಲ್ಲಿ (ಗಾಳಿ ಹಂಚುವ ಕೊಳವೆಗಳಲ್ಲಿ). ಹತ್ತಿರದ್ದು ಐಡಲ್‌ಗೆ (ಎಂಜಿನ್ ನಿಧಾನವಾಗಿ ಸುಮ್ಮನೆ ಓಡುವಾಗ) ಒಳ್ಳೆಯದು, ಥ್ರಾಟಲ್ ತಿರುಗಿಸಿದ ಕೂಡಲೇ ಎಂಜಿನ್ ಎದ್ದು ಬರುತ್ತದೆ. ದೂರದ್ದರಲ್ಲಿ ಪೆಟ್ರೋಲ್ ದಾರಿಯಲ್ಲೇ ಆವಿಯಾಗಿ ಗಾಳಿಯನ್ನು ತಂಪು ಮಾಡುತ್ತದೆ. ಪೂರ್ತಿ ಪವರ್‌ನಲ್ಲಿ ಅದರಿಂದ ಲಾಭ. ಆದರೆ ತೀರಾ ದೂರ ಬೇಡ. ರನ್ನರ್ (ಗಾಳಿ ಕೊಳವೆ) ಗೋಡೆ ಒದ್ದೆಯಾಗುತ್ತದೆ, ತಗ್ಗಿನಲ್ಲಿ ಪೆಟ್ರೋಲ್ ನಿಲ್ಲುತ್ತದೆ. ಬ್ಯಾಕ್‌ಫೈರ್ ಆದರೆ, ಅಂದರೆ ಜ್ವಾಲೆ ಇನ್‌ಟೇಕ್ ಕಡೆಗೆ ಹಿಂದಕ್ಕೆ ಬಂದರೆ, ಅದಕ್ಕೇ ಬೆಂಕಿ.

ಇನ್ನೊಬ್ಬರು: ಪವರ್ ಆಮೇಲೆ. ವಿಮಾನದಲ್ಲಿ ಮೊದಲು ಕೇಳಬೇಕಾದ್ದು, ಒಂದು ಜೋಡಿ ಕೆಟ್ಟರೆ ಇನ್ನೊಂದು ಜೋಡಿ ನಿಮ್ಮನ್ನು ಇಳಿಸುತ್ತದಾ ಅಂತ. ಲೆಕ್ಕ ಹಾಕಿ ನೋಡಿ. ಒಂದು ಹಾರ್ಸ್‌ಪವರ್‌ಗೆ ಗಂಟೆಗೆ ಸುಮಾರು 250 ಗ್ರಾಂ ಪೆಟ್ರೋಲ್ ಅಂದರೂ, 180ಕ್ಕೆ ನಿಮಿಷಕ್ಕೆ 1000 ಸಿಸಿ ಬೇಕು. ನಿಮಿಷಕ್ಕೆ 460 ಸಿಸಿ ಕೊಡುವ ನಾಲ್ಕು ಇಂಜೆಕ್ಟರ್ ಇದ್ದರೆ ಧಾರಾಳ. ಎರಡೇ ಉಳಿದರೆ, 80% ಡ್ಯೂಟಿಯಲ್ಲಿ (100ರಲ್ಲಿ 80 ಪಾಲು ಸಮಯ ತೆರೆದಿದ್ದರೆ) ಸುಮಾರು 130 ಹಾರ್ಸ್‌ಪವರ್‌ಗೆ ಸಾಕಾಗುತ್ತದೆ. ಅಷ್ಟು ಪವರ್ ಇದ್ದರೆ ಹಾರಾಟ ನಿಲ್ಲುವುದಿಲ್ಲ. ಅದಕ್ಕೇ ಪ್ರತಿ ಜೋಡಿಯಲ್ಲೂ ರೋಟರ್‌ಗೆ ಒಂದೊಂದು ಇಂಜೆಕ್ಟರ್ ಇರಲಿ. ಎರಡು ಜೋಡಿಗೂ ಫ್ಯೂಸ್, ವೈರಿಂಗ್, ಸ್ವಿಚ್ ಬೇರೆ ಬೇರೆ ಇರಲೇಬೇಕು. ಒಂದು ಜೋಡಿ ಆಫ್ ಆದಾಗ ಇನ್ನೊಂದನ್ನು ಹೆಚ್ಚು ಹೊತ್ತು ತೆರೆದಿಡುವಂತೆ ಕಂಟ್ರೋಲರ್ ಸೆಟ್ ಮಾಡಿ. ನೆಲದ ಮೇಲೇ ಎರಡನ್ನೂ ಒಂದೊಂದಾಗಿ ಆಫ್ ಮಾಡಿ ಪರೀಕ್ಷಿಸಿ.

ಮತ್ತೊಬ್ಬರು: ಶಾಖದ ವಿಷಯ ಯಾರೂ ಹೇಳಲಿಲ್ಲ. ಎಂಜಿನ್ ನಿಂತ ಮೇಲೆ ಕೌಲಿಂಗ್ (ಎಂಜಿನ್ ಮುಚ್ಚುವ ಹೊರಹೊದಿಕೆ) ಒಳಗೆ ಗಾಳಿ ಆಡುವುದಿಲ್ಲ, ಹೌಸಿಂಗ್‌ನಲ್ಲಿರುವ ಪ್ರೈಮರಿ ಚೆನ್ನಾಗಿ ಕಾಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದರೆ ರೈಲ್‌ನಲ್ಲಿ (ಇಂಜೆಕ್ಟರ್‌ಗೆ ಪೆಟ್ರೋಲ್ ಕೊಡುವ ಕೊಳವೆಯಲ್ಲಿ) ಬರೀ ಆವಿ. ನಮ್ಮದರಲ್ಲಿ ರಿಟರ್ನ್ ಲೈನ್ ಇದೆ. ಸ್ಟಾರ್ಟ್‌ಗೆ ಮೊದಲು ಪಂಪ್ ಓಡಿಸಿದರೆ ಬಿಸಿ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಎಕ್ಸಾಸ್ಟ್ ಇರುವುದೂ ಇನ್‌ಟೇಕ್ ಪಕ್ಕದಲ್ಲೇ ಅಲ್ವಾ, ನಡುವೆ ಶಾಖ ತಡೆಯುವ ತಗಡು ಹಾಕಿ.

ಮೊದಲು ಉತ್ತರಿಸಿದವರು: ಇನ್ನೊಂದು ಮಾತು. ಸೆಕೆಂಡರಿ ತೆರೆದಾಗ ಒಣಗಿದ ರನ್ನರ್ ಗೋಡೆ ಮೊದಲು ಪೆಟ್ರೋಲ್ ಹೀರುತ್ತದೆ, ಎಂಜಿನ್ ಕ್ಷಣಕಾಲ ತಡವರಿಸುತ್ತದೆ. ಲ್ಯಾಂಡಿಂಗ್‌ಗೆ ಬರುವಾಗ ಇಟ್ಟುಕೊಳ್ಳುವ ಪವರ್‌ನಲ್ಲಿ ಆ ಬದಲಾವಣೆ ಬೀಳದಂತೆ ನೋಡಿಕೊಳ್ಳಿ.