ಥ್ರೆಶೋಲ್ಡ್ ರಿಪೀಟ್‌ಗಳಲ್ಲಿ ಕೊನೆಗೆ ಕುಸಿತ: ತಪ್ಪು ಮನಸ್ಸಿನದೋ, ಪೇಸ್‌ನದೋ?

ಹತ್ತು_ಕೆ:
10 ಕೆ (10 ಕಿ.ಮೀ. ಓಟ) ಟೈಮ್ 50 ನಿಮಿಷ. ವಾರಕ್ಕೊಮ್ಮೆ ಟ್ರ್ಯಾಕ್‌ನಲ್ಲಿ ಥ್ರೆಶೋಲ್ಡ್: 1 ಕಿ.ಮೀ. ಆರು ಸಲ, ನಡುವೆ 60 ಸೆಕೆಂಡ್ ಬಿಡುವು. ಮೊದಲ ಮೂರು 4:50ಕ್ಕೆ ಬರುತ್ತವೆ, ಆಮೇಲೆ 5:20, 5:30. ಐದನೆಯದರಲ್ಲಿ ‘ಸಾಕು ಬಿಡು’ ಅಂತ ಒಳಗಿಂದ ಶುರುವಾಗುತ್ತೆ. ಎಲೀಟ್ ಓಟಗಾರರು ಇದನ್ನ ಹೇಗೆ ನಿಭಾಯಿಸ್ತಾರೆ?

ಎರಡನೇ_ಲೇನ್:
ಮನಸ್ಸನ್ನ ಬೈಯೋ ಮುಂಚೆ ಲೆಕ್ಕ ನೋಡಿ. ಥ್ರೆಶೋಲ್ಡ್ ಅಂದ್ರೆ ಹೆಚ್ಚುಕಮ್ಮಿ ಒಂದು ಗಂಟೆ ಹಿಡಿದಿಡಬಲ್ಲ ವೇಗ. 50 ನಿಮಿಷದ 10 ಕೆ ಓಡೋರಿಗೆ ಅದು ಕಿ.ಮೀ.ಗೆ 5:05ರಿಂದ 5:15. 4:50 ನಿಮ್ಮ 5 ಕೆ ವೇಗದ ಹತ್ತಿರ ಬಂತು; ಅಲ್ಲಿ ಲ್ಯಾಕ್ಟೇಟ್ (ಜೋರಾಗಿ ಓಡಿದಾಗ ಸ್ನಾಯುವಿಂದ ರಕ್ತಕ್ಕೆ ಬರೋ ವಸ್ತು) ಕರಗೋದಕ್ಕಿಂತ ಬೇಗ ಸೇರುತ್ತೆ, 60 ಸೆಕೆಂಡ್ ಯಾವ ಮೂಲೆಗೂ ಸಾಲಲ್ಲ. ‘ಸಾಕು’ ಅನ್ನೋ ದನಿ ನಿಜವನ್ನೇ ಹೇಳ್ತಿದೆ.

5:10ಕ್ಕೆ ಓಡಿ. ಅಂದ್ರೆ 200 ಮೀಟರ್‌ಗೆ 62 ಸೆಕೆಂಡ್, ಸುತ್ತಿಗೆ 2:04. 1 ಕಿ.ಮೀ. ಎರಡೂವರೆ ಸುತ್ತು, ಹಾಗಾಗಿ ಫಿನಿಶ್ ಗೆರೆಯ ಎದುರು ಬದಿಯಿಂದ ಹೊರಡಿ. ಮೊದಲ 200 ಮೀ. 58ಕ್ಕೆ ಬಂದ್ರೆ ಅದೇ ಹಳೇ 4:50, ಆಗಲೇ ಕಾಲು ಸಡಿಲ ಬಿಡಿ. ಜಿಪಿಎಸ್ ತೋರಿಸೋ ಆ ಕ್ಷಣದ ಪೇಸನ್ನ ತಿರುವಲ್ಲಿ ನಂಬಬೇಡಿ, ಕೈಯಾರೆ ಲ್ಯಾಪ್ ಒತ್ತಿ. ಆರನೆಯದು ಮುಗಿದಾಗ ‘ಇನ್ನೊಂದು ಆಗುತ್ತೆ’ ಅನ್ನಿಸಬೇಕು.

ಎಲೀಟ್‌ಗಳ ಶಿಸ್ತು ಬಹುಪಾಲು ತಡೆದುಕೊಳ್ಳೋದರಲ್ಲೇ ಇದೆ. ನಾರ್ವೆಯ ಓಟಗಾರರು ರಿಪೀಟ್‌ಗಳ ನಡುವೆ ಹನಿ ರಕ್ತ ತೆಗೆದು ಲ್ಯಾಕ್ಟೇಟ್ ನೋಡೋದು, ಜಾಸ್ತಿ ಇದ್ರೆ ನಿಧಾನ ಮಾಡೋಕೆ. 2019ರಲ್ಲಿ ವಿಯೆನ್ನಾದಲ್ಲಿ ಕೀನ್ಯಾದ ಎಲಿಯುಡ್ ಕಿಪ್ಚೋಗೆ ಮ್ಯಾರಥಾನ್ ದೂರವನ್ನ 1:59:40ಕ್ಕೆ ಓಡಿದಾಗ ಪ್ರತಿ ಕಿ.ಮೀ. 2:48ರಿಂದ 2:52ರೊಳಗೆ. (ಜೊತೆ ಓಡಿ ವೇಗ ಹಿಡಿಸೋ ಪೇಸರ್‌ಗಳು, ರಸ್ತೆ ಮೇಲೆ ವೇಗ ತೋರಿಸೋ ಲೇಸರ್ ಗೆರೆ ಎಲ್ಲಾ ಇತ್ತು, ಒಪ್ಪಿದೆ.) ಲೇಸರ್ ಇಲ್ಲದ ಉದಾಹರಣೆ ಬೇಕಾ? 2023ರ ಶಿಕಾಗೊ ಮ್ಯಾರಥಾನ್‌ನಲ್ಲಿ ಕೀನ್ಯಾದ ಕೆಲ್ವಿನ್ ಕಿಪ್ಟಮ್: ಮೊದಲರ್ಧ 60:48, ಎರಡನೆಯದು 59:47.

ಎಡಗಾಲು:
ಪೇಸ್ ಸರಿಹೋದ ಮೇಲೂ ಐದನೆಯದು ಸಲೀಸಾಗಿ ಬರುವುದಿಲ್ಲ. ಅದಕ್ಕೆ ಎಣಿಕೆ. ಬ್ರಿಟನ್ನಿನ ಮ್ಯಾರಥಾನ್ ಓಟಗಾರ್ತಿ ಪೌಲಾ ರಾಡ್‌ಕ್ಲಿಫ್ ನೂರರವರೆಗೆ ಮೂರು ಸಲ ಎಣಿಸಿದರೆ ಒಂದು ಮೈಲಿ ಎಂದು ಲೆಕ್ಕ ಇಟ್ಟುಕೊಂಡಿದ್ದವರು. ನಿಮಿಷಕ್ಕೆ 180 ಹೆಜ್ಜೆ ಹಾಕುವವರು ಎಡಗಾಲು ಮಾತ್ರ ಎಣಿಸಿದರೆ 90ಕ್ಕೆ ಒಂದು ನಿಮಿಷ. ಮೊದಲ ರಿಪೀಟ್‌ನಿಂದಲೇ ಶುರು ಮಾಡಬೇಡಿ, ಬೇಕಾದ ಹೊತ್ತಿಗೆ ಬೇಜಾರಾಗಿರುತ್ತದೆ. ‘ದನಿ ಎದ್ದರೆ ಎಣಿಕೆ’ ಎಂದು ಮನೆಯಲ್ಲೇ ತೀರ್ಮಾನಿಸಿ ಹೊರಡಿ. ಏದುಸಿರಿನಲ್ಲಿ ತೀರ್ಮಾನ ಮಾಡಲಾಗದು.

ಇನ್ನೊಂದು, ಪ್ರತಿ 200 ಮೀ. ಗುರುತಿನಲ್ಲಿ ದವಡೆ, ಭುಜ, ಮುಷ್ಟಿ ನೋಡಿಕೊಳ್ಳಿ. ಹೆಬ್ಬೆರಳು ಮುಷ್ಟಿಯೊಳಗೆ ಸಿಕ್ಕಿದ್ದರೆ ಭುಜವೂ ಕಿವಿಯತ್ತ ಏರಿರುತ್ತದೆ. ಕಿಪ್ಚೋಗೆ ಓಡುತ್ತ ನಗುವುದು ಈ ಬಿಗಿತ ಬಿಡಿಸಲೆಂದೇ.

ಹತ್ತು_ಕೆ:
ಸರಿ, 62 ಪ್ರಯತ್ನಿಸ್ತೀನಿ. ಆದ್ರೆ ವಾಚ್ ಎರಡನೇ ರಿಪೀಟ್‌ಗೇ ಹೃದಯ ಬಡಿತ 178 ತೋರಿಸುತ್ತೆ, ಭಯ ಆಗುತ್ತೆ.

ಎರಡನೇ_ಲೇನ್:
ನಿಮ್ಮ ಹೆಜ್ಜೆ ಸಂಖ್ಯೆಯೂ 178ರ ಆಸುಪಾಸಲ್ಲಿದ್ಯಾ ನೋಡಿ. ಪಟ್ಟಿ ಸಡಿಲ ಇದ್ರೆ ಮಣಿಕಟ್ಟಿನ ಸೆನ್ಸರ್ ಕೆಲವೊಮ್ಮೆ ಬಡಿತದ ಬದಲು ಹೆಜ್ಜೆಯನ್ನೇ ಎಣಿಸುತ್ತೆ. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಬಿಗಿಯಾಗಿ ಕಟ್ಟಿ, ಇಲ್ಲಾ ಬಡಿತ ಅಳೆಯೋ ಎದೆಪಟ್ಟಿ ಹಾಕಿ. ಎದೆಪಟ್ಟಿಯೂ 178 ಅಂದ್ರೆ 5:15ಕ್ಕೆ ಇಳಿಸಿ. ಎದೆ ನೋವು, ತಲೆ ಸುತ್ತು ಇದ್ರೆ ಮಾತ್ರ ಎಣಿಕೆ-ಗಿಣಿಕೆ ಬೇಡ, ನಿಲ್ಲಿಸಿ ಡಾಕ್ಟರ್ ಹತ್ರ ಹೋಗಿ.